ಬಿಡಿಭಾಗ ತರಿಸಿ ನಿಮ್ಮದೇ ಎಲೆಕ್ಟ್ರಿಕ್ ಗಿಟಾರ್ ಕಟ್ಟುವುದು: ಅಳತೆಯಿಂದ ಸೆಟಪ್‌ವರೆಗೆ ಸಮಗ್ರ ಮಾರ್ಗದರ್ಶಿ

ಎಲೆಕ್ಟ್ರಿಕ್ ಗಿಟಾರ್ ಕಟ್ಟಲು ಮರಗೆಲಸ ಪೂರ್ತಿ ಕಲಿತಿರಬೇಕು ಅಂತೇನಿಲ್ಲ. ಕೊರೆದು ಸಿದ್ಧವಾದ ಬಾಡಿ, ಫ್ರೆಟ್ (ಬೆರಳು ಒತ್ತುವ ಕಡೆಯ ಲೋಹದ ಅಡ್ಡಪಟ್ಟಿ) ಕೂರಿಸಿದ ನೆಕ್, ಬಾಡಿ ಮೇಲೆ ತಂತಿ ಹಿಡಿಯುವ ಬ್ರಿಡ್ಜ್, ಶ್ರುತಿ ಮಾಡುವ ಟ್ಯೂನರ್, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಎಲ್ಲವೂ ಬೇರೆಬೇರೆಯಾಗಿ ಸಿಗುತ್ತವೆ. ಇದಕ್ಕೆ ದಾರಿ ಮಾಡಿದ್ದು ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್. ಅವರ ಕಂಪನಿ 1950ರಲ್ಲಿ ತಂದ ಗಿಟಾರ್‌ನಲ್ಲಿ ನೆಕ್ಕನ್ನು ಬಾಡಿಗೆ ಅಂಟಿಸಿರಲಿಲ್ಲ, ನಾಲ್ಕು ಸ್ಕ್ರೂ ಹಾಕಿ ಬಿಗಿದಿದ್ದರು. ಅದೇ ಮುಂದೆ ಟೆಲಿಕಾಸ್ಟರ್ ಅನ್ನಿಸಿಕೊಂಡಿತು. 1954ರಲ್ಲಿ ಬಂದ ಸ್ಟ್ರಾಟೋಕಾಸ್ಟರ್ ಕೂಡ ಹಾಗೇ. ಸ್ಕ್ರೂ ಬಿಚ್ಚಿದರೆ ನೆಕ್ ಕೈಗೆ ಬರುತ್ತದೆ, ಬೇರೆಯದನ್ನು ಹಾಕಬಹುದು. ಎರಿಕ್ ಕ್ಲಾಪ್ಟನ್ ವರ್ಷಗಟ್ಟಲೆ ನುಡಿಸಿದ 'ಬ್ಲ್ಯಾಕಿ' ಮೂರು ಹಳೆಯ ಸ್ಟ್ರಾಟೋಕಾಸ್ಟರ್‌ಗಳ ಒಳ್ಳೆಯ ಭಾಗಗಳನ್ನು ಸೇರಿಸಿ ಮಾಡಿದ್ದು. ಎಡ್ಡಿ ವ್ಯಾನ್ ಹೇಲೆನ್ ತಮ್ಮ ಪಟ್ಟೆಪಟ್ಟೆಯ ಗಿಟಾರ್ ಕಟ್ಟಿದ್ದು ಬಿಡಿ ಬಾಡಿ, ಬಿಡಿ ನೆಕ್ ಕೊಂಡೇ.

ಈ ಕೆಲಸಕ್ಕೆ ಇಳಿಯುವವರು ಜಾಸ್ತಿ ಯೋಚಿಸುವುದು ಯಾವ ಪಿಕಪ್, ಯಾವ ಮರ, ಯಾವ ಬಣ್ಣ ಅಂತ. ಆದರೆ ಗಿಟಾರ್ ನುಡಿಸಲು ಹಿತವಾಗಿರುತ್ತದೆಯೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಬೇರೆ ಮೂರು ವಿಷಯ. ನೆಕ್ ಬಾಡಿಯಲ್ಲಿ ನೆಟ್ಟಗೆ ಕೂತಿದೆಯಾ? ನಟ್‌ನಿಂದ (ನೆಕ್‌ನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಗೀರಿನ ಪಟ್ಟಿ) ಬ್ರಿಡ್ಜ್‌ಗೆ ದೂರ ಸರಿ ಇದೆಯಾ? ತಂತಿಗಳು ಫ್ರೆಟ್‌ಬೋರ್ಡ್‌ನ ಎರಡೂ ಅಂಚಿನಿಂದ ಸಮ ದೂರದಲ್ಲಿ ಹೋಗುತ್ತವೆಯಾ? ಪಿಕಪ್ ಇಷ್ಟವಾಗದಿದ್ದರೆ ಒಂದು ಸಂಜೆಯಲ್ಲಿ ಬದಲಿಸಬಹುದು. ಬ್ರಿಡ್ಜ್ ತಪ್ಪಾದ ಜಾಗದಲ್ಲಿ ಕೂತರೆ ಹಳೆಯ ತೂತು ಮುಚ್ಚಿ, ಹೊಸದು ಕೊರೆದು, ಬಣ್ಣವನ್ನೂ ಮತ್ತೆ ಬಳಿಯಬೇಕು. ಅದಕ್ಕೇ ಈ ಬರಹದಲ್ಲಿ ಅಳತೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಆರ್ಡರ್ ಮಾಡುವ ಮೊದಲು

ಮೊದಲು ಒಂದು ಹಾಳೆ ತಗೊಳ್ಳಿ. ತರಿಸಬೇಕಾದ ಪ್ರತಿ ಭಾಗದ ಹೆಸರು, ಅದರ ಪಕ್ಕದಲ್ಲಿ ಅದರ ಅಳತೆ ಬರೆಯಿರಿ. 'ಸ್ಟ್ರಾಟ್ (ಸ್ಟ್ರಾಟೋಕಾಸ್ಟರ್) ಮಾದರಿ' ಅಂತ ಹೆಸರಿದ್ದ ಮಾತ್ರಕ್ಕೆ ಎರಡು ಭಾಗ ಒಂದಕ್ಕೊಂದು ಕೂರುತ್ತವೆ ಅಂತ ನಂಬಬೇಡಿ. ಮಾರುವವರು ಅಳತೆಯ ಚಿತ್ರ ಕೊಟ್ಟಿಲ್ಲದಿದ್ದರೆ ಕೇಳಿ. ಕೇಳಿದರೂ ಕೊಡದಿದ್ದರೆ ಬೇರೆ ಕಡೆ ನೋಡಿ.

ಎಲ್ಲಕ್ಕಿಂತ ಮೊದಲು ಸ್ಕೇಲ್ ಉದ್ದ, ಅಂದರೆ ನಟ್‌ನಿಂದ ಬ್ರಿಡ್ಜ್‌ನ ಸ್ಯಾಡಲ್‌ವರೆಗೆ (ತಂತಿ ಕೂರುವ, ಹಿಂದೆಮುಂದೆ ಸರಿಸಬಹುದಾದ ತುಣುಕು) ಕಂಪಿಸುವ ತಂತಿಯ ಉದ್ದ. ಫೆಂಡರ್ ಮಾದರಿಗಳಲ್ಲಿ ಇದು ಸಾಮಾನ್ಯವಾಗಿ 25.5 ಇಂಚು, ಅಂದರೆ 648 ಮಿ.ಮೀ. ಇನ್ನೊಂದು ಕಂಪನಿಯಾದ ಗಿಬ್ಸನ್‌ನ ಮಾದರಿಗಳಲ್ಲಿ ಸುಮಾರು 24.75 ಇಂಚು, 628 ಮಿ.ಮೀ. ಉದ್ದ ಜಾಸ್ತಿಯಾದರೆ ಅದೇ ಸ್ವರಕ್ಕೆ ತಂತಿಯ ಬಿಗಿತವೂ ಜಾಸ್ತಿ. ಫ್ರೆಟ್‌ಗಳ ನಡುವಿನ ಅಂತರವೆಲ್ಲ ಈ ಉದ್ದದ ಲೆಕ್ಕದಲ್ಲೇ ಕೊರೆದಿರುತ್ತದೆ, ಹಾಗಾಗಿ ಒಂದು ಸ್ಕೇಲ್‌ನ ನೆಕ್ಕನ್ನು ಇನ್ನೊಂದು ಸ್ಕೇಲ್‌ಗೆ ಬ್ರಿಡ್ಜ್ ತೂತು ಕೊರೆದ ಬಾಡಿಗೆ ಹಾಕಿದರೆ ಯಾವ ಫ್ರೆಟ್ಟಿನಲ್ಲೂ ಸ್ವರ ಸರಿ ಬರುವುದಿಲ್ಲ. ಒಂದೇ ಒಂದು ಅಪವಾದ ಇದೆ. ಫೆಂಡರ್ ಮಾದರಿಯ ಬಾಡಿಗೇ ಕೂರುವಂತೆ ಮಾಡಿದ 24.75 ಇಂಚಿನ ಕನ್ವರ್ಷನ್ ನೆಕ್‌ಗಳು ಸಿಗುತ್ತವೆ. ಅವುಗಳಲ್ಲಿ ಬ್ರಿಡ್ಜ್ ಇದ್ದಲ್ಲೇ ಇರುತ್ತದೆ, ನೆಕ್ಕೇ ಅಷ್ಟು ಗಿಡ್ಡವಾಗಿರುತ್ತದೆ.

ಆಮೇಲೆ ನೆಕ್‌ನ ಹಿಮ್ಮಡಿ, ಅಂದರೆ ಬಾಡಿಯ ಪಾಕೆಟ್ ಒಳಗೆ ಕೂರುವ ತುದಿ. ಸ್ಟ್ರಾಟ್ ನೆಕ್‌ನ ತುದಿ ಬಾಗಿರುತ್ತದೆ, ಟೆಲಿಯದು (ಟೆಲಿಕಾಸ್ಟರ್) ಚೌಕ. ಅಗಲ ಎರಡರಲ್ಲೂ ಸುಮಾರು 56 ಮಿ.ಮೀ., ದಪ್ಪ ಸುಮಾರು 25, ಪಾಕೆಟ್ ಆಳ ಸುಮಾರು 16. ಕಾರ್ಖಾನೆಯಿಂದ ಕಾರ್ಖಾನೆಗೆ ಅರ್ಧ ಮಿ.ಮೀ. ವ್ಯತ್ಯಾಸ ಬರುತ್ತದೆ. ಆ ಅರ್ಧ ಮಿ.ಮೀ. ನೆಕ್ ಬಿಗಿಯಾಗಿ ಕೂರುವುದಕ್ಕೂ ಅಲ್ಲಾಡುವುದಕ್ಕೂ ಸಾಕು. ಸಾಧ್ಯವಿದ್ದರೆ ಬಾಡಿ, ನೆಕ್ ಎರಡನ್ನೂ ಒಂದೇ ಕಡೆಯಿಂದ ತರಿಸಿ. ವಾರ್ಮತ್, ಆಲ್‌ಪಾರ್ಟ್ಸ್ ಥರದ ಕಂಪನಿಗಳು ಫೆಂಡರ್‌ನಿಂದ ಪರವಾನಗಿ ಪಡೆದು ನೆಕ್ ಮಾರುತ್ತವೆ, ಅವುಗಳ ಅಳತೆ ನಂಬಬಹುದು.

ಬ್ರಿಡ್ಜ್‌ನಲ್ಲಿ ನೋಡಬೇಕಾದದ್ದು ತಂತಿಗಳ ಹರವು. ದಪ್ಪ ಇ ತಂತಿಯಿಂದ ತೆಳು ಇ ತಂತಿಗೆ ಎಷ್ಟು ದೂರ? ಹಳೆಯ ಆರು ಸ್ಕ್ರೂ ಟ್ರೆಮೊಲೊ (ಸ್ವರ ಏರಿಳಿಸಲು ಕೈಕೋಲಿನಿಂದ ವಾಲಿಸುವ) ಬ್ರಿಡ್ಜ್‌ಗಳಲ್ಲಿ ಇದು ಸುಮಾರು 56 ಮಿ.ಮೀ., ಹೊಸ ಮಾದರಿಗಳಲ್ಲಿ 52.5ರಿಂದ 54. ಕಿರಿದಾದ ನೆಕ್‌ಗೆ ಅಗಲವಾದ ಬ್ರಿಡ್ಜ್ ಹಾಕಿದರೆ ಇ ತಂತಿ ಮೇಲಿನ ಫ್ರೆಟ್‌ಗಳಲ್ಲಿ ಅಂಚಿನಿಂದ ಜಾರಿ ಬೀಳುತ್ತದೆ. ನನಗೆ ಕೇಳಿದರೆ 54 ಮಿ.ಮೀ. ಒಳಗಿನದೇ ನೆಮ್ಮದಿ. ಟ್ರೆಮೊಲೊ ಆದರೆ ಅದರ ಕೆಳಗಿನ ಲೋಹದ ಬ್ಲಾಕ್ ಎಷ್ಟು ಉದ್ದ ಅಂತಲೂ ನೋಡಿ. ಪೂರ್ತಿ ದಪ್ಪದ ಬಾಡಿ ಸುಮಾರು 44.5 ಮಿ.ಮೀ. ಇರುತ್ತದೆ. 40 ಮಿ.ಮೀ. ಆಸುಪಾಸಿನ ತೆಳು ಬಾಡಿಗಳೂ ಬರುತ್ತವೆ, ಅವುಗಳಲ್ಲಿ ಉದ್ದ ಬ್ಲಾಕ್ ಹಾಕಿದರೆ ಹಿಂದಿನ ಮುಚ್ಚಳ ಮುಚ್ಚುವುದೇ ಇಲ್ಲ.

ಮೊದಲ ಗಿಟಾರ್ ಆದರೆ ಟ್ರೆಮೊಲೊ ಬಿಟ್ಟು ಅಲ್ಲಾಡದ ಬ್ರಿಡ್ಜ್ ಹಾಕಿ ಅಂತ ಜೋರಾಗಿಯೇ ಹೇಳುತ್ತೇನೆ. ತೇಲುವ ಬ್ರಿಡ್ಜ್‌ನಲ್ಲಿ ಒಂದು ಕಡೆ ತಂತಿಗಳ ಎಳೆತ, ಇನ್ನೊಂದು ಕಡೆ ಸ್ಪ್ರಿಂಗ್‌ಗಳ ಎಳೆತ. ಒಂದು ತಂತಿ ಬಿಗಿ ಮಾಡಿದರೆ ಉಳಿದ ಐದೂ ಇಳಿಯುತ್ತವೆ. ಸೆಟಪ್ ಕಲಿಯುವ ಹೊತ್ತಿನಲ್ಲಿ ಸಮಸ್ಯೆ ಎಲ್ಲಿದೆ ಅಂತ ಹುಡುಕುವುದೇ ಕಷ್ಟವಾಗುತ್ತದೆ. ಟೆಲಿ ಮಾದರಿಯಲ್ಲಿ ಆ ತೊಂದರೆಯೇ ಇಲ್ಲ, ವೈರಿಂಗ್ ಕೂಡ ಸರಳ.

ಸಣ್ಣಪುಟ್ಟ ಭಾಗಗಳೂ ಕೈಕೊಡುತ್ತವೆ. ಹೆಡ್‌ಸ್ಟಾಕ್‌ನ (ನೆಕ್‌ನ ತಲೆಭಾಗ) ಟ್ಯೂನರ್ ತೂತು ಹಳೆಯ ಮಾದರಿಯಲ್ಲಿ ಸುಮಾರು 8.7 ಮಿ.ಮೀ., ಹೊಸದರಲ್ಲಿ 10. ಪಿಕ್‌ಗಾರ್ಡ್‌ಗಳಲ್ಲಿ (ಬಾಡಿಯ ಮುಂಭಾಗ ಮುಚ್ಚುವ ಹಾಳೆ) 8 ಸ್ಕ್ರೂ ತೂತಿನವೂ ಇವೆ, 11ರವೂ ಇವೆ. ಪಾಟ್‌ಗಳಲ್ಲಿ (ವಾಲ್ಯೂಮ್, ಟೋನ್ ತಿರುಗಿಸುವ ಪೊಟೆನ್ಷಿಯೋಮೀಟರ್) ದೊಡ್ಡ ಇಂಚಿನ ಅಳತೆ ಒಂದು, ಚಿಕ್ಕ ಮೆಟ್ರಿಕ್ ಅಳತೆ ಒಂದು. ದೊಡ್ಡದು ಚಿಕ್ಕ ತೂತಿಗೆ ತೂರುವುದಿಲ್ಲ, ನಾಬ್‌ಗಳೂ ಅದಲುಬದಲು ಆಗುವುದಿಲ್ಲ. ಹಂಬಕರ್ (ಎರಡು ಸುರುಳಿಯ ಪಿಕಪ್) ಬೇಕಿದ್ದರೆ ಬಾಡಿಯಲ್ಲಿ ಅದಕ್ಕೆ ಗುಳಿ ಕೊರೆದಿದೆಯಾ ನೋಡಿ. ಸಿಂಗಲ್ ಕಾಯಿಲ್‌ಗೆ (ಒಂದೇ ಸುರುಳಿಯ ಪಿಕಪ್) ಕೊರೆದ ಗುಳಿಯಲ್ಲಿ ದೊಡ್ಡ ಹಂಬಕರ್ ಇಳಿಯುವುದಿಲ್ಲ. ಹೊರದೇಶದಿಂದ ತರಿಸುವವರಿಗೆ ಇನ್ನೊಂದು ಮಾತು: ಬ್ರೆಜಿಲಿಯನ್ ರೋಸ್‌ವುಡ್ 1992ರಿಂದ ಸೈಟಿಸ್ ಒಪ್ಪಂದದ (ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಮೊದಲ ಪಟ್ಟಿಯಲ್ಲಿದೆ, ಅದರ ಫ್ರೆಟ್‌ಬೋರ್ಡ್ ಇರುವ ನೆಕ್ ಗಡಿ ದಾಟಿಸುವುದು ಸುಲಭವಿಲ್ಲ.

ದುಡ್ಡು ಎಲ್ಲಿ ಹಾಕಬೇಕು

ನೆಕ್ ಮೇಲೆ. ಎರಡನೇ ಮಾತೇ ಇಲ್ಲ. ನಿಮ್ಮ ಎಡಗೈ ಇಡೀ ಹೊತ್ತು ಇರುವುದು ಅಲ್ಲೇ. ಫ್ರೆಟ್‌ಗಳು ಸಮವಾಗಿಲ್ಲದ ನೆಕ್ ತಂದರೆ ಉಳಿದ ಭಾಗಗಳು ಎಷ್ಟೇ ಚೆನ್ನಾಗಿದ್ದರೂ ತಂತಿ ಗರ್ ಅನ್ನುತ್ತಲೇ ಇರುತ್ತದೆ. ಟ್ರಸ್ ರಾಡ್ (ನೆಕ್ ಒಳಗಿನ, ಬಾಗು ಸರಿಪಡಿಸುವ ಲೋಹದ ಸರಳು) ಎರಡೂ ಕಡೆಗೆ ಕೆಲಸ ಮಾಡುವಂಥದ್ದಾದರೆ ಒಳ್ಳೆಯದು. ನೆಕ್ ಹಿಂದಕ್ಕೆ ಬಾಗಿದ್ದರೂ ಸರಿಪಡಿಸಬಹುದು.

ಫ್ರೆಟ್‌ಬೋರ್ಡ್‌ನ ಉಬ್ಬನ್ನು ರೇಡಿಯಸ್ ಅನ್ನುತ್ತಾರೆ. ಹಳೆಯ ಫೆಂಡರ್‌ಗಳಲ್ಲಿ 7.25 ಇಂಚು, ಈಗ 9.5 ಅಥವಾ 12 ಸಾಮಾನ್ಯ. ಅಂಕಿ ಚಿಕ್ಕದಾದಷ್ಟು ಉಬ್ಬು ಜಾಸ್ತಿ. 7.25ರಲ್ಲಿ ಕಾರ್ಡ್ ಹಿಡಿಯಲು ಬಲು ಹಿತ, ಆದರೆ ತಂತಿಯನ್ನು ತೀರಾ ತಗ್ಗಿಸಿ ಜೋರಾಗಿ ಬೆಂಡ್ ಮಾಡಿದರೆ (ಪಕ್ಕಕ್ಕೆ ಎಳೆದರೆ) ಪಕ್ಕದ ಫ್ರೆಟ್‌ಗೆ ತಾಗಿ ಸ್ವರ ಸತ್ತುಹೋಗುತ್ತದೆ. ಲೀಡ್ ಜಾಸ್ತಿ ನುಡಿಸುವವರು 12 ತಗೊಳ್ಳಿ, ಎರಡೂ ಬೇಕು ಅನ್ನುವವರಿಗೆ 9.5.

ಬಾಡಿಯ ಮರದ ಬಗ್ಗೆ ವಾದ ಮುಗಿಯುವುದಿಲ್ಲ. ಆಲ್ಡರ್, ಆಶ್, ಬಾಸ್‌ವುಡ್, ಮಹಾಗನಿ ಎಲ್ಲದರಲ್ಲೂ ಒಳ್ಳೆಯ ಗಿಟಾರ್‌ಗಳಿವೆ. ಗಟ್ಟಿ ಬಾಡಿಯ ಗಿಟಾರ್‌ನಲ್ಲಿ ಮರದ ಜಾತಿಗಿಂತ ತೂಕಕ್ಕೆ ಹೆಚ್ಚು ಗಮನ ಕೊಡಿ ಅಂತ ನನ್ನ ಸಲಹೆ. ಸ್ಟ್ರಾಟ್ ಬಾಡಿ 2 ಕಿಲೋ ಆಸುಪಾಸು ಇದ್ದರೆ ಭುಜಕ್ಕೆ ಹಿತ. ತೀರಾ ಹಗುರ ಬಾಡಿಗೆ ಭಾರದ ಟ್ಯೂನರ್ ಹಾಕಿದರೆ ಬೆಲ್ಟ್ ಹಾಕಿ ನಿಂತಾಗ ಹೆಡ್‌ಸ್ಟಾಕ್ ಕೆಳಗೆ ವಾಲುತ್ತದೆ.

ಪಿಕಪ್ ವಿಷಯದಲ್ಲಿ ಒಂದೇ ಮಾತು. ಸಿಂಗಲ್ ಕಾಯಿಲ್ ಸ್ಪಷ್ಟವಾಗಿರುತ್ತದೆ, ಜೊತೆಗೆ ಗುಂಯ್ ಅನ್ನುವ ಕರೆಂಟಿನ ಸದ್ದನ್ನೂ ಹಿಡಿಯುತ್ತದೆ. ಗಿಬ್ಸನ್‌ನಲ್ಲಿದ್ದ ಸೆತ್ ಲವರ್ 1955ರಲ್ಲಿ ರೂಪಿಸಿದ ಹಂಬಕರ್‌ನಲ್ಲಿ ಎರಡು ಸುರುಳಿ ಒಂದಕ್ಕೊಂದು ಎದುರಾಗಿ ಆ ಸದ್ದನ್ನು ಕಳೆಯುತ್ತವೆ. ನಿಮಗೆ ಇಷ್ಟವಾದ ಸಂಗೀತ ಯಾವುದರಲ್ಲಿ ನುಡಿಸಿದ್ದು ಅಂತ ಕಂಡುಕೊಂಡು ಅದನ್ನೇ ತರಿಸಿ.

ಭಾಗಗಳು ಬಂದ ದಿನ

ಸುಮ್ನೆ ಜೋಡಿಸಲು ಶುರು ಮಾಡಬೇಡಿ. ನೆಕ್ಕನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಮ್ಮಡಿ ಕಡೆಯಿಂದ ಉದ್ದಕ್ಕೆ ನೋಡಿ. ಎರಡೂ ಅಂಚು ಒಂದೇ ಸಮ ಕಾಣಬೇಕು, ಒಂದು ಕಡೆ ತಿರುಚಿದ್ದರೆ ಅಲ್ಲೇ ವಾಪಸ್ ಕಳಿಸಿ. ತಿರುಚಿದ ನೆಕ್ಕನ್ನು ಟ್ರಸ್ ರಾಡ್ ಸರಿ ಮಾಡುವುದಿಲ್ಲ. ಚಿಕ್ಕ ಲೋಹದ ಪಟ್ಟಿಯನ್ನು ಮೂರು ಫ್ರೆಟ್ ಮೇಲೆ ಇಟ್ಟು ಅಲ್ಲಾಡಿಸಿ. ಟಕ್ ಟಕ್ ಅಂದರೆ ನಡುವಿನ ಫ್ರೆಟ್ ಎತ್ತರವಿದೆ. ಹೀಗೆ ಇಡೀ ನೆಕ್ ನೋಡಿ. ಒಂದೆರಡು ಫ್ರೆಟ್ ಎದ್ದಿದ್ದರೆ ಉಜ್ಜಿ ಸರಿ ಮಾಡಬಹುದು, ಎಲ್ಲವೂ ಏರುಪೇರಾಗಿದ್ದರೆ ಅದು ಪಳಗಿದ ಕೈಯ ಕೆಲಸ. ಟ್ರಸ್ ರಾಡ್ ನಟ್ ಅನ್ನು ಕಾಲು ಸುತ್ತು ತಿರುಗಿಸಿ ನೋಡಿ, ತಿರುಗದಿದ್ದರೆ ಬಲ ಹಾಕಬೇಡಿ.

ಬೇಕಾಗುವ ಸಾಧನಗಳು ಜಾಸ್ತಿ ಇಲ್ಲ. ಒಳ್ಳೆಯ ಉಕ್ಕಿನ ಅಳತೆಪಟ್ಟಿ, ಡ್ರಿಲ್ ಮತ್ತು ಹೊಸ ಬಿಟ್‌ಗಳು, ಎರಡು ಕ್ಲಾಂಪ್, ಸ್ಕ್ರೂಡ್ರೈವರ್, 40 ವ್ಯಾಟ್‌ಗಿಂತ ಕಡಿಮೆ ಇಲ್ಲದ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಸಂದು ಅಳೆಯುವ ಫೀಲರ್ ಗೇಜ್, ನಟ್‌ನ ಗೀರು ಉಜ್ಜುವ ನಟ್ ಫೈಲ್‌ಗಳು. ನೆಟ್ಟಗೆ ಕೊರೆಯುವ ಡ್ರಿಲ್ ಪ್ರೆಸ್ ಸಿಕ್ಕರೆ ಎರವಲು ತಗೊಳ್ಳಿ.

ಒಣ ಜೋಡಣೆ ಮತ್ತು ಕೊರೆಯುವುದು

ಇಡೀ ಕೆಲಸದ ಜೀವ ಇಲ್ಲಿದೆ. ನಿಧಾನವಾಗಿ ಓದಿ. ಬಣ್ಣ ಬಳಿಯುವ ಮೊದಲೇ ಪ್ರತಿ ತೂತೂ ಕೊರೆದಿರಬೇಕು, ಪ್ರತಿ ಭಾಗವೂ ಒಂದು ಸಲ ಕೂತು ಎದ್ದಿರಬೇಕು.

ನೆಕ್ಕನ್ನು ಪಾಕೆಟ್ ಒಳಗೆ ಕೂರಿಸಿ. ಬಾಡಿಯನ್ನು ಎತ್ತಿದರೆ ಸ್ಕ್ರೂ ಇಲ್ಲದೆಯೂ ನೆಕ್ ಬೀಳದಷ್ಟು ಬಿಗಿ ಇದ್ದರೆ ಚೆನ್ನ. ಒಳಗೆ ಹೋಗದಿದ್ದರೆ ಹೊಡೆಯಬೇಡಿ. ಪಾಕೆಟ್ ಅಂಚಿನ ಮರ ತೆಳು, ಸೀಳುತ್ತದೆ. ಬಣ್ಣ ಹಚ್ಚಿದ ಬಾಡಿಯಾದರೆ ಪಾಕೆಟ್ ಗೋಡೆಗಳಲ್ಲಿ ಬಣ್ಣ ಕಟ್ಟಿಕೊಂಡಿರುತ್ತದೆ, ಅದನ್ನು ಸ್ಯಾಂಡ್ ಪೇಪರ್‌ನಿಂದ ತೆಗೆದರೆ ಸಾಕಾಗುತ್ತದೆ. ತಳವನ್ನು ಮಾತ್ರ ಉಜ್ಜಬೇಡಿ. ತಳ ಸ್ವಲ್ಪ ಓರೆಯಾದರೂ ಆರು ತಂತಿಗಳ ಎತ್ತರ ಪೂರ್ತಿ ಬದಲಾಗುತ್ತದೆ.

ನೆಕ್ ಕೂತ ಮೇಲೆ ಕ್ಲಾಂಪ್ ಹಾಕಿ, ಒಳಗೆ ಬಟ್ಟೆಯೋ ಕಾರ್ಕೋ ಇಟ್ಟು ಬಿಗಿ ಮಾಡಿ. ಬ್ರಿಡ್ಜ್ ಅನ್ನು ಅದರ ಜಾಗದಲ್ಲಿ ಟೇಪ್ ಹಾಕಿ ನಿಲ್ಲಿಸಿ. ಈಗ ಎರಡು ದಾರ ತಗೊಂಡು ನಟ್‌ನ ಎರಡೂ ಇ ತಂತಿಗಳ ಗೀರಿನಿಂದ ಬ್ರಿಡ್ಜ್‌ನ ಎರಡೂ ಇ ಸ್ಯಾಡಲ್‌ಗೆ ಎಳೆದು ಕಟ್ಟಿ. ಕೊನೆಯ ಫ್ರೆಟ್‌ನ ಹತ್ತಿರ ದಾರದಿಂದ ಫ್ರೆಟ್‌ಬೋರ್ಡ್ ಅಂಚಿಗೆ ಎಷ್ಟು ದೂರ ಅಂತ ಎರಡೂ ಕಡೆ ಅಳೆಯಿರಿ. ಸಮ ಇರಬೇಕು, ಅಥವಾ ತೆಳು ಇ ಕಡೆ ಒಂದು ಕೂದಲಿನಷ್ಟು ಜಾಸ್ತಿ ಇರಲಿ. ಆ ತಂತಿಯೇ ಜಾರಿ ಬೀಳುವುದು ಹೆಚ್ಚು. ಸಮ ಬರದಿದ್ದರೆ ನೆಕ್ಕನ್ನು ಪಾಕೆಟ್‌ನಲ್ಲೇ ತುಸು ಸರಿಸಿ, ಅಥವಾ ಬ್ರಿಡ್ಜ್ ಸರಿಸಿ. ಇದನ್ನು ಸಾಕು ಅನ್ನಿಸುವವರೆಗೆ ಅಲ್ಲ, ಸರಿ ಆಗುವವರೆಗೆ ಮಾಡಿ.

ಈಗ ಬ್ರಿಡ್ಜ್ ದೂರ. ಬಾಡಿಯಲ್ಲಿ ತೂತು ಮೊದಲೇ ಕೊರೆದಿದ್ದರೂ ಅಳೆಯಿರಿ. ನಟ್‌ನ ಮುಂಭಾಗದಿಂದ, ಅಂದರೆ ಫ್ರೆಟ್‌ಬೋರ್ಡ್ ಕಡೆಯ ಅಂಚಿನಿಂದ, 12ನೇ ಫ್ರೆಟ್‌ನ ನಡುಭಾಗಕ್ಕೆ ಎಷ್ಟು ಅಂತ ನೋಡಿ. 648 ಸ್ಕೇಲ್ ಆದರೆ 324 ಮಿ.ಮೀ. ಬರುತ್ತದೆ. ಅಷ್ಟೇ ದೂರವನ್ನು 12ನೇ ಫ್ರೆಟ್‌ನಿಂದ ಬ್ರಿಡ್ಜ್ ಕಡೆಗೆ ಅಳೆದು ಪೆನ್ಸಿಲ್ ಗೆರೆ ಹಾಕಿ. ತೆಳು ಇ ತಂತಿಯ ಸ್ಯಾಡಲ್ ಅನ್ನು ಹೆಚ್ಚುಕಡಿಮೆ ಪೂರ್ತಿ ಮುಂದಕ್ಕೆ ತಂದು, ಒಂದೆರಡು ಮಿ.ಮೀ. ಬಾಕಿ ಬಿಟ್ಟು, ಅದು ಈ ಗೆರೆಯ ಮೇಲೆ ಬರುವ ಹಾಗೆ ಬ್ರಿಡ್ಜ್ ಇಡಿ. ಯಾಕೆ ಹೀಗೆ? ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಸ್ವಲ್ಪ ಎಳೆದುಕೊಂಡು ಸ್ವರ ಮೇಲೇರುತ್ತದೆ, ಅದನ್ನು ಸರಿದೂಗಿಸಲು ಸ್ಯಾಡಲ್ ಹಿಂದೆ ಹೋಗಬೇಕು. ತೆಳು ಇ ಬಹಳ ಕಡಿಮೆ ಹೋಗುತ್ತದೆ, ದಪ್ಪ ಇ ಸುಮಾರು 3-4 ಮಿ.ಮೀ. ಹಿಂದೆ ಹೋಗುತ್ತದೆ. ಹಿಂದಕ್ಕೆ ಜಾಗ ಇಲ್ಲದಿದ್ದರೆ ಇಂಟೊನೇಷನ್ (ಎಲ್ಲ ಫ್ರೆಟ್ಟಿನಲ್ಲೂ ಸ್ವರ ಸರಿ ಬರುವುದು) ಎಂದಿಗೂ ಸರಿಯಾಗುವುದಿಲ್ಲ.

ಎಲ್ಲ ಸರಿ ಅಂತ ಖಾತ್ರಿಯಾದ ಮೇಲೆ ನೆಕ್ ತೂತು. ಬಾಡಿಯಲ್ಲಿ ತೂತು ಇದ್ದು ನೆಕ್‌ನಲ್ಲಿ ಇಲ್ಲದಿದ್ದರೆ, ಬಾಡಿ ತೂತಿಗೆ ಸರಿಯಾಗಿ ಕೂರುವ ದಪ್ಪ ಬಿಟ್ಟನ್ನು ಹಿಂದಿನಿಂದ ತೂರಿಸಿ ಕೈಯಲ್ಲೇ ತಿರುಗಿಸಿ ನೆಕ್ ಮೇಲೆ ಗುರುತು ಮಾಡಿ. ಆಮೇಲೆ ನೆಕ್ ತೆಗೆದು 3.2 ಮಿ.ಮೀ. ಬಿಟ್‌ನಿಂದ ಕೊರೆಯಿರಿ. ಆಳದ ಲೆಕ್ಕ ಹೀಗೆ. ಸಾಮಾನ್ಯ ನೆಕ್ ಸ್ಕ್ರೂ 45 ಮಿ.ಮೀ. ಉದ್ದ. ಬಾಡಿ 44.5 ದಪ್ಪ, ಅದರಲ್ಲಿ ಪಾಕೆಟ್ 16 ಕಳೆದರೆ 28.5, ಹಿಂದಿನ ಲೋಹದ ಪಟ್ಟಿ ಸುಮಾರು 2. ಹಾಗಾದರೆ ನೆಕ್ ಒಳಗೆ ಹೋಗುವುದು 14-15 ಮಿ.ಮೀ. ಬಿಟ್‌ಗೆ 16 ಮಿ.ಮೀ. ಎತ್ತರದಲ್ಲಿ ಟೇಪ್ ಸುತ್ತಿ, ಅದನ್ನು ದಾಟಿ ಕೊರೆಯಬೇಡಿ. ಇನ್ನೂ ಆಳಕ್ಕೆ ಹೋದರೆ ಫ್ರೆಟ್‌ಬೋರ್ಡ್‌ನಿಂದ ಹೊರಗೆ ಬರುವ ಅಪಾಯ ಇದೆ. ನಿಮ್ಮ ಬಾಡಿ ತೆಳುವಾಗಿದ್ದರೆ ಲೆಕ್ಕ ಮತ್ತೆ ಹಾಕಿ.

ಬಾಡಿಯ ತೂತು ಮಾತ್ರ ಸ್ಕ್ರೂಗಿಂತ ದೊಡ್ಡದಿರಬೇಕು, 4.5ರಿಂದ 5 ಮಿ.ಮೀ. ಸ್ಕ್ರೂ ಬಾಡಿಯಲ್ಲಿ ಕಚ್ಚಿಕೊಳ್ಳದೆ ಸಲೀಸಾಗಿ ಜಾರಬೇಕು. ಕಚ್ಚಿಕೊಂಡರೆ ಎಷ್ಟು ಬಿಗಿ ಮಾಡಿದರೂ ನೆಕ್ ತಳಕ್ಕೆ ಒತ್ತಿ ಕೂರುವುದಿಲ್ಲ, ನಡುವೆ ಸಣ್ಣ ಸಂದು ಉಳಿಯುತ್ತದೆ. ಸ್ಕ್ರೂ ದಾರಕ್ಕೆ ಮೇಣ ಸವರಿ. ಟ್ಯೂನರ್‌ಗಳ ಪುಟ್ಟ ಸ್ಕ್ರೂಗಳಿಗಂತೂ ಇದನ್ನು ಮರೆಯಲೇಬೇಡಿ. ಗಟ್ಟಿ ಮೇಪಲ್‌ನಲ್ಲಿ ಅವು ಅರ್ಧಕ್ಕೆ ಮುರಿದರೆ ತೆಗೆಯುವುದು ದೊಡ್ಡ ತಲೆನೋವು.

ಬಣ್ಣ, ಎಣ್ಣೆ

ಸಿದ್ಧ ಬಣ್ಣದ ಬಾಡಿ ತಂದಿದ್ದರೆ ಇದನ್ನು ದಾಟಿ ಮುಂದೆ ಹೋಗಿ. ಬರಿ ಮರ ತಂದಿದ್ದರೆ 150, 220, 320 ಹೀಗೆ ಮೇಲಕ್ಕೆ ಹೋಗುತ್ತಾ ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ. ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದರೆ ಎದ್ದ ನಾರು ಕಾಣುತ್ತದೆ, ಒಣಗಿದ ಮೇಲೆ ಮತ್ತೆ ಉಜ್ಜಿ. ಧೂಳಿಗೆ ಮಾಸ್ಕ್ ಹಾಕಿಕೊಳ್ಳಿ.

ಮೊದಲ ಸಲಕ್ಕೆ ಟಂಗ್ ಆಯಿಲ್ ಅಥವಾ ಡ್ಯಾನಿಶ್ ಆಯಿಲ್ ಸುಲಭ. ತೆಳುವಾಗಿ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಹೆಚ್ಚಾದದ್ದನ್ನು ಒರೆಸಿ, ಒಣಗಿದ ಮೇಲೆ ಮತ್ತೊಂದು ಪದರ. ಇಲ್ಲಿ ಒಂದು ನಿಜವಾದ ಅಪಾಯ ಇದೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಬಿಡಿಸಿ ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಹೊಳೆಯುವ ಬಣ್ಣ ಬೇಕಾದರೆ ಸ್ಪ್ರೇ ಲ್ಯಾಕರ್ ಇದೆ. ಗಾಳಿಯಾಡುವ ಜಾಗ, ರಾಸಾಯನಿಕ ಆವಿಗೆ ತಕ್ಕ ಮಾಸ್ಕ್ ಎರಡೂ ಬೇಕು. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಗಟ್ಟಿಯಾಗಲು ವಾರಗಟ್ಟಲೆ ಹಿಡಿಯುತ್ತದೆ. ಕಾಯದೆ ಪಾಲಿಶ್ ಮಾಡಿದರೆ ಆಮೇಲೆ ಮೇಲ್ಮೈ ಕುಗ್ಗಿ ಗೀರುಗಳು ಮತ್ತೆ ಕಾಣುತ್ತವೆ.

ಪಾಕೆಟ್ ಒಳಗೆ ಟೇಪ್ ಅಂಟಿಸಿಯೇ ಬಣ್ಣ ಹೊಡೆಯಿರಿ. ಮೇಪಲ್ ನೆಕ್ ಬರಿದಾಗಿದ್ದರೆ ಅದಕ್ಕೂ ಎಣ್ಣೆ ಅಥವಾ ಲ್ಯಾಕರ್ ಬೇಕೇ ಬೇಕು, ಇಲ್ಲದಿದ್ದರೆ ತೇವ ಹೀರಿ ಬಾಗುತ್ತದೆ.

ವೈರಿಂಗ್

ಮೊದಲು ಗುಳಿಗಳ ಒಳಗೆ ತಾಮ್ರದ ಟೇಪ್ ಅಂಟಿಸಿ. ತುಂಡುಗಳು ಒಂದರ ಮೇಲೊಂದು ಬರಲಿ, ಎಲ್ಲ ತುಂಡುಗಳ ನಡುವೆ ವಿದ್ಯುತ್ ಹರಿಯುತ್ತದೆಯಾ ಅಂತ ಮಲ್ಟಿಮೀಟರ್‌ನಲ್ಲಿ ನೋಡಿ, ಕೊನೆಗೆ ಅದನ್ನು ಗ್ರೌಂಡ್‌ಗೆ ಸೇರಿಸಿ. ಸಿಂಗಲ್ ಕಾಯಿಲ್ ಗಿಟಾರ್‌ಗೆ ಇದರಿಂದ ಬಹಳ ಉಪಯೋಗ.

ಪಾಟ್ ಆಯ್ಕೆ: ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್, ಹಂಬಕರ್‌ಗೆ 500. ಪಾಟ್ ಯಾವಾಗಲೂ ಪಿಕಪ್ ಮೇಲೆ ಹೊರೆಯಾಗಿ ನಿಂತಿರುತ್ತದೆ. ಅದರ ಓಮ್ ಅಂಕಿ ಕಡಿಮೆಯಾದಷ್ಟು ತೀಕ್ಷ್ಣ ಸ್ವರಗಳು ಗ್ರೌಂಡ್‌ಗೆ ಸೋರಿಹೋಗುತ್ತವೆ. ಸಿಂಗಲ್ ಕಾಯಿಲ್ ಮೊದಲೇ ಚೂಪು, ಅದಕ್ಕೆ 250 ಹಿತ. ಟೋನ್ ಕೆಪಾಸಿಟರ್ 0.022 ಅಥವಾ 0.047 ಮೈಕ್ರೋಫ್ಯಾರಡ್. ಅಂಕಿ ದೊಡ್ಡದಾದಷ್ಟು ಟೋನ್ ತಿರುಗಿಸಿದಾಗ ಸದ್ದು ಹೆಚ್ಚು ಮಂಕಾಗುತ್ತದೆ.

ದಾರಿ ತುಂಬ ಸರಳ. ಪಿಕಪ್‌ನ ಬಿಸಿ (ಸಿಗ್ನಲ್ ಸಾಗಿಸುವ) ವೈರ್ ಸ್ವಿಚ್‌ಗೆ, ಸ್ವಿಚ್‌ನ ಸಾಮಾನ್ಯ ಕಾಲು ವಾಲ್ಯೂಮ್ ಪಾಟ್‌ನ ಮೊದಲ ಕಾಲಿಗೆ, ಅದರ ನಡು ಕಾಲು ಜಾಕ್‌ನ ತುದಿ ಕಾಲಿಗೆ. ಮೂರನೇ ಕಾಲು ಪಾಟ್ ಬೆನ್ನಿಗೆ, ಅಂದರೆ ಗ್ರೌಂಡ್‌ಗೆ. ಪಿಕಪ್‌ಗಳ ಗ್ರೌಂಡ್, ಜಾಕ್‌ನ ಗ್ರೌಂಡ್, ಬ್ರಿಡ್ಜ್‌ನಿಂದ ಬರುವ ವೈರ್ ಎಲ್ಲವೂ ಅಲ್ಲಿಗೇ ಬರಬೇಕು. ಬ್ರಿಡ್ಜ್ ವೈರ್ ಮರೆಯುವವರು ಬಹಳ ಜನ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾದರೆ ಅದು ಸರಿ ಇದೆ ಅಂತ ಅರ್ಥ.

ಪಾಟ್ ಬೆನ್ನಿಗೆ ಬೆಸುಗೆ ಹಾಕುವುದು ಹೊಸಬರಿಗೆ ಕಷ್ಟ. ಬೆನ್ನನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಐರನ್ ಪೂರ್ತಿ ಬಿಸಿಯಾದ ಮೇಲೆ ಲೋಹವನ್ನು ಕಾಯಿಸಿ, ಸೋಲ್ಡರನ್ನು ಐರನ್‌ಗಲ್ಲ, ಕಾದ ಲೋಹಕ್ಕೆ ತಾಗಿಸಿ. ಹರಿದು ಹೊಳೆಯಬೇಕು. ಉಂಡೆಯಾಗಿ ಮಂಕಾಗಿ ನಿಂತರೆ ಅದು ಹಿಡಿದಿಲ್ಲ. ಹೆಚ್ಚು ಹೊತ್ತು ಕಾಯಿಸಿದರೆ ಪಾಟ್ ಒಳಗೆ ಸುಡುತ್ತದೆ, ಹಾಗಾಗಿ ದುರ್ಬಲ ಐರನ್ ಹಿಡಿದು ಹೆಣಗುವುದಕ್ಕಿಂತ ಬಲವಾದದ್ದರಲ್ಲಿ ಬೇಗ ಮುಗಿಸುವುದು ಮೇಲು.

ತಂತಿ ಹಾಕುವ ಮೊದಲೇ ಪರೀಕ್ಷೆ ಮಾಡಿ. ಜಾಕ್‌ಗೆ ಕೇಬಲ್ ಹಾಕಿ, ವಾಲ್ಯೂಮ್ ಪೂರ್ತಿ ತಿರುಗಿಸಿ, ಕೇಬಲ್‌ನ ಇನ್ನೊಂದು ತುದಿಯಲ್ಲಿ ಓಮ್ ಅಳೆಯಿರಿ. 6 ಕಿಲೋ ಓಮ್‌ನ ಪಿಕಪ್ ಆದರೆ ಅದಕ್ಕಿಂತ ಒಂದು ಚೂರು ಕಡಿಮೆ ಬರಬೇಕು. ಸೊನ್ನೆ ಬಂದರೆ ಎಲ್ಲೋ ಬಿಸಿ ವೈರ್ ಗ್ರೌಂಡ್‌ಗೆ ತಾಗಿದೆ, ಸಾಮಾನ್ಯವಾಗಿ ತಾಮ್ರದ ಟೇಪ್‌ಗೆ. ಆಮೇಲೆ ಆಂಪ್‌ಗೆ ಹಾಕಿ ಸ್ಕ್ರೂಡ್ರೈವರ್‌ನಿಂದ ಪಿಕಪ್‌ಗಳನ್ನು ಮೆಲ್ಲಗೆ ತಟ್ಟಿದರೆ ಸ್ವಿಚ್ ಎಲ್ಲಿದ್ದಾಗ ಯಾವುದು ಕೇಳುತ್ತದೆ ಅಂತ ಗೊತ್ತಾಗುತ್ತದೆ. ಎರಡು ಪಿಕಪ್ ಒಟ್ಟಿಗೆ ಹಾಕಿದಾಗ ಸದ್ದು ಬಡಕಲಾಗಿ ಬಂದರೆ ಅವು ಒಂದಕ್ಕೊಂದು ವಿರುದ್ಧ ಫೇಸ್‌ನಲ್ಲಿವೆ. ಒಂದರ ಎರಡು ವೈರ್ ಅದಲುಬದಲು ಮಾಡಿ. ಆ ಪಿಕಪ್‌ಗೆ ಲೋಹದ ಮುಚ್ಚಳ ಇದ್ದರೆ ಮೊದಲು ಮುಚ್ಚಳದ ಗ್ರೌಂಡ್ ಬೇರೆ ಮಾಡಿಕೊಳ್ಳಬೇಕು.

ಜೋಡಣೆ, ಸೆಟಪ್

ಎಲ್ಲ ತೂತೂ ಮೊದಲೇ ಇರುವುದರಿಂದ ಜೋಡಣೆ ಬೇಗ ಮುಗಿಯುತ್ತದೆ. ನೆಕ್ ಸ್ಕ್ರೂಗಳನ್ನು ಒಂದೇ ಸಲ ಬಿಗಿ ಮಾಡದೆ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. 10-46 ಅಥವಾ 9-42 ತಂತಿ ಹಾಕಿ (ತೆಳು, ದಪ್ಪ ಇ ತಂತಿಗಳ ದಪ್ಪ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ). ಮುಂದೆ ಯಾವುದನ್ನು ನುಡಿಸುತ್ತೀರೋ ಅದನ್ನೇ ಈಗ ಹಾಕಿ, ಆಮೇಲೆ ದಪ್ಪ ಬದಲಿಸಿದರೆ ಸೆಟಪ್ ಮತ್ತೆ ಮಾಡಬೇಕಾಗುತ್ತದೆ. ಪೂರ್ತಿ ಶ್ರುತಿಗೆ ತಂದು ಒಂದು ರಾತ್ರಿ ಬಿಡಿ, ನೆಕ್ ಎಳೆತಕ್ಕೆ ಹೊಂದಿಕೊಳ್ಳಲಿ.

ಇಲ್ಲಿಂದ ಮುಂದೆ ಹಂತಗಳ ಕ್ರಮ ತಪ್ಪಿಸಬೇಡಿ, ಒಂದನ್ನು ಬದಲಿಸಿದರೆ ಅದರ ನಂತರದ್ದೆಲ್ಲ ಬದಲಾಗುತ್ತದೆ.

ಮೊದಲು ನೆಕ್‌ನ ಬಾಗು. ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, ದಪ್ಪ ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ. 8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಸುಮಾರು 0.25 ಮಿ.ಮೀ. ಇರಲಿ. ಜಾಸ್ತಿ ಇದ್ದರೆ ಟ್ರಸ್ ರಾಡ್ ಅನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿ, ಸಂದೇ ಇಲ್ಲದಿದ್ದರೆ ಎದುರು ದಿಕ್ಕಿಗೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ, ಪ್ರತಿ ಸಲ ಮತ್ತೆ ಶ್ರುತಿ ಮಾಡಿ ಅಳೆಯಿರಿ.

ಎರಡನೆಯದು ನಟ್. ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ ಮೊದಲ ಫ್ರೆಟ್ ಮೇಲೆ ನೋಡಿ. ತಂತಿ ತಾಗಿಯೂ ತಾಗದ ಹಾಗೆ ಇರಬೇಕು. ಕೊಂಡು ತಂದ ನಟ್‌ಗಳ ಗೀರು ಸಾಮಾನ್ಯವಾಗಿ ಎತ್ತರವಾಗಿಯೇ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಮೊದಲ ಮೂರು ಫ್ರೆಟ್‌ಗಳಲ್ಲಿ ಕಾರ್ಡ್ ಹಿಡಿದಾಗ ಶ್ರುತಿ ಮೇಲೇರಿ ಕೇಳುತ್ತದೆ. ಎಷ್ಟೋ ಜನ ಇದಕ್ಕೆ ಟ್ಯೂನರ್‌ಗಳನ್ನು ದೂರುತ್ತಾರೆ. ಫೈಲ್ ಅನ್ನು ಹೆಡ್‌ಸ್ಟಾಕ್ ಕಡೆಗೆ ತುಸು ಇಳಿಜಾರಾಗಿ ಹಿಡಿದು ಎರಡೆರಡು ಉಜ್ಜು ಉಜ್ಜಿ, ತಂತಿ ಇಟ್ಟು ನೋಡಿ. ಜಾಸ್ತಿ ಉಜ್ಜಿದರೆ ಬಿಡಿ (ಯಾವ ಫ್ರೆಟ್ಟಿನಲ್ಲೂ ಒತ್ತದ) ತಂತಿ ಗರ್ ಅನ್ನುತ್ತದೆ, ನಟ್ ಹೊಸದು ಹಾಕಬೇಕು.

ಆಮೇಲೆ ತಂತಿಯ ಎತ್ತರ. 12ನೇ ಫ್ರೆಟ್‌ನಲ್ಲಿ ದಪ್ಪ ಇ ಕೆಳಗೆ 2 ಮಿ.ಮೀ., ತೆಳು ಇ ಕೆಳಗೆ 1.5 ಅಂತ ಶುರು ಮಾಡಿ. ನಡುವಿನ ನಾಲ್ಕು ತಂತಿ ಫ್ರೆಟ್‌ಬೋರ್ಡ್ ಉಬ್ಬಿನಂತೆಯೇ ಏರಿ ಇಳಿಯಲಿ. ಗರ್ ಅನ್ನದಷ್ಟು ತಗ್ಗಿಸಿಕೊಳ್ಳಿ. ಸ್ಯಾಡಲ್ ಪೂರ್ತಿ ಕೆಳಗಿಳಿದರೂ ತಂತಿ ಎತ್ತರವೇ ಇದ್ದರೆ, ಪಾಕೆಟ್‌ನ ಒಳತುದಿಯಲ್ಲಿ, ಬ್ರಿಡ್ಜ್ ಕಡೆಗೆ, ಅರ್ಧ ಮಿ.ಮೀ. ದಪ್ಪದ ಗಟ್ಟಿ ತೆಳುಪಟ್ಟಿ ಇಟ್ಟರೆ ನೆಕ್ ತುಸು ಹಿಂದಕ್ಕೆ ವಾಲಿ ತಂತಿ ತಗ್ಗುತ್ತದೆ.

ಈಗ ಇಂಟೊನೇಷನ್. ಕ್ಲಿಪ್ ಅಥವಾ ಪೆಡಲ್ ಟ್ಯೂನರ್ ಹಾಕಿ ಬಿಡಿ ತಂತಿ ಸರಿ ಮಾಡಿ. 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿ ಒತ್ತದೆ, ಬೆರಳು ಮೆಲ್ಲಗೆ ತಾಗಿಸಿ ಬರಿಸುವ ಸ್ವರ) ನುಡಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಒಣ ಜೋಡಣೆಯಲ್ಲಿ ಬ್ರಿಡ್ಜ್ ದೂರ ಸರಿಯಾಗಿ ಇಟ್ಟಿದ್ದರೆ ಆರೂ ತಂತಿ ಸಲೀಸಾಗಿ ಬಂದುಬಿಡುತ್ತವೆ. ಹಳೆಯ ತಂತಿಯಲ್ಲಿ ಇದನ್ನು ಮಾಡಬೇಡಿ, ಸವೆದ ತಂತಿ ನಿಜ ಹೇಳುವುದಿಲ್ಲ.

ಕೊನೆಗೆ ಪಿಕಪ್ ಎತ್ತರ. ಕೊನೆಯ ಫ್ರೆಟ್ ಒತ್ತಿ ಹಿಡಿದು, ಸಿಂಗಲ್ ಕಾಯಿಲ್ ಆದರೆ ದಪ್ಪ ತಂತಿ ಕಡೆ 2.4 ಮಿ.ಮೀ., ತೆಳು ಕಡೆ 2 ಮಿ.ಮೀ. ಅಂತರದಿಂದ ಶುರು ಮಾಡಿ. ಹತ್ತಿರ ತಂದರೆ ಸದ್ದು ಜೋರಾಗುತ್ತದೆ ಅಂತ ಮೇಲೆತ್ತುತ್ತಾ ಹೋಗಬೇಡಿ. ಆಯಸ್ಕಾಂತ ತಂತಿಯನ್ನೇ ಎಳೆಯುತ್ತದೆ, ಮೇಲಿನ ಫ್ರೆಟ್‌ಗಳಲ್ಲಿ ದಪ್ಪ ತಂತಿ ಎರಡು ಸ್ವರ ಒಟ್ಟಿಗೆ ಬಂದ ಹಾಗೆ ತೇಲಾಡುತ್ತದೆ, ಇಂಟೊನೇಷನ್ ಕೂಡ ಕೆಡುತ್ತದೆ. ಹಾಗೆ ಕೇಳಿಸಿದರೆ ಪಿಕಪ್ ಇಳಿಸಿ.

ಹೊಸ ನೆಕ್ ಮೊದಲ ಕೆಲವು ವಾರ ಅಲ್ಪಸ್ವಲ್ಪ ಬಾಗುತ್ತಲೇ ಇರುತ್ತದೆ, ಅದು ಸಹಜ. ತಂತಿ ಎತ್ತರ ತಾನಾಗಿ ಬದಲಾದ ಹಾಗೆ ಅನ್ನಿಸಿದರೆ ಮೊದಲು ಸ್ಯಾಡಲ್ ಮುಟ್ಟಬೇಡಿ, 8ನೇ ಫ್ರೆಟ್‌ನ ಸಂದು ಮತ್ತೆ ಅಳೆಯಿರಿ. ಟ್ರಸ್ ರಾಡ್ ಕಾಲು ಸುತ್ತಿಗೇ ಹೆಚ್ಚಿನ ಸಲ ಎಲ್ಲವೂ ವಾಪಸ್ ಬರುತ್ತದೆ. ತಂತಿ ಹಾಕಿದ ಒಂದು ತಿಂಗಳಿಗೆ ನೆಕ್ ಸ್ಕ್ರೂ, ಜಾಕ್ ನಟ್, ಟ್ಯೂನರ್ ಬುಶಿಂಗ್‌ಗಳನ್ನು ಒಂದು ಸಲ ಬಿಗಿಯಿದೆಯಾ ನೋಡಿ. ನೀವು ಬರೆದಿಟ್ಟ ಅಳತೆ ಹಾಳೆಯನ್ನು ಗಿಟಾರ್ ಕೇಸ್‌ನಲ್ಲೇ ಇಡಿ, ಮುಂದೆ ಯಾವ ಭಾಗ ಬದಲಿಸುವಾಗಲೂ ಅದು ಬೇಕಾಗುತ್ತದೆ.